ಕಾಸೂ ಪೆಟಗಿ

ಮೂರನೇ ಗೇಟಿನ ಹತ್ತರ, ಔಷಧ ಅಂಗಡಿ ಮಾಳಿಗಿ ಮ್ಯಾಲ
ದೇವದಾರು ಕಟಗಿದೊಂದು ಪೆಟಗಿ, ಗಾಜಿನ ಬಾಗಲಾ.
ಒಳಗ ಇಬ್ಬರು ಕುಂಡ್ರೂವಷ್ಟ ಜಾಗ.
ಮೈ ಕಾಸಾಕ ಕಾಸು: ಇಪ್ಪತ್ತು ಮಿನಿಟಿಗೆ ಆರನೂರು.

ಬೆಂಕಿ ಕಾಣೂದಿಲ್ಲ. ಹೊಗಿ ಇಲ್ಲ, ಉಗಿನೂ ಇಲ್ಲ.
ಕೆಂಪಿನ ಆಚೆ ಒಂದು ಬೆಳಕ ಐತಂತ,
ಕಣ್ಣಿಗೆ ಸಿಗಲಾರದ್ದು ಚರ್ಮಕ್ಕ ಸಿಗತೈತಂತ.
ಹಿಂಗ ಹೇಳು ಅಂತ ಸುಲೋಚನಾ ಮೇಡಮ್ ಕಲಿಸ್ಯಾರ.
ಮೈಯಾಗಿನ ವಿಷ ಹೊರಗ ಹೋಗತೈತಿ ಅಂತನೂ ಹೇಳು ಅಂದಿದ್ರು.
ಅದನ್ನ ನಾ ಹೇಳೂದಿಲ್ಲ.
ಬೆವರಂದ್ರ ನೀರು, ಚೂರು ಉಪ್ಪು.
ಟಾವೆಲ್ ಒಗ್ಯಾಕಿ ನಾನು, ನನಗ ಗೊತ್ತಿರೂದಿಲ್ಲೇನು?
ವಿಷದ ಕೆಲಸ ಮೂತ್ರಪಿಂಡದ್ದು,
ಅದಕ್ಕ ಪಾಳಿ ಇಲ್ಲ, ಐತವಾರದ ಸೂಟಿ ಇಲ್ಲ.

ಮೊದಲ ಕೇಳತೇನಿ: ಬಿಪಿ ಗುಳಗಿ ಐತೇನ್ರಿ?
ಬಸರಿ ಏನ್ರಿ? ನೀರ ಕುಡದೀರೇನ್ರಿ?
ಬ್ಯಾಂಕಿನ ಅಕ್ಕಾರು ತೂಕದ ಮಿಶಿನ್ ಹತ್ತತಾರ,
ಹೋಗೂ ಮುಂದ ಒಮ್ಮೆ, ಬಂದ ಮ್ಯಾಲ ಒಮ್ಮೆ.
ಮುನ್ನೂರು ಗ್ರಾಂ ಹೋತು ಅಂತ ನಗತಾರ.
ಎರಡ ಗ್ಲಾಸ ನೀರ ಕೊಡತೇನಿ.
ಮುನ್ನೂರು ಗ್ರಾಂ ಅವರ ಹಿಂದ ಮನಿಗೆ ಹೋಗತಾವ.

ಖಾನಾಪುರದ ರೊಸಾಲಿನ್ ಟೀಚರ ಮಾತ ಬ್ಯಾರೆ.
ಬೆರಳೆಲ್ಲಾ ಮುಟಗಿ ಆಗಿ ಬರತಾರ, ಸೀಮಿಸುಣ್ಣ ಹಿಡದಾಂಗ.
ಹೊರಗ ಬಂದು ತಮ್ಮ ಗುಂಡಿ ತಾವ ಹಾಕೋತಾರ.
"ಸಂಜಿತನಕ ಅಷ್ಟ" ಅಂತಾರ.
ಸಂಜಿತನಕ ಅಂದ್ರ ಸಣ್ಣದಲ್ಲ.
ಆ ಆರನೂರು ತಗೋಳಾಕ ನನ್ನ ಕೈ ನಡಗೂದಿಲ್ಲ.

ನಾ ಹುಟ್ಟಿದಾಗ ಅವ್ವನ ಹೊರಸಿನ ಬುಡಕ ಶೆಗಡಿ,
ಕೆಂಡದ ಮ್ಯಾಲ ಅಜವಾನ.
ಅದೂ ಇದ ಬೆಳಕ ಇದ್ದೀತು. ಬಿಲ್ಲು ಹರಿದವರಿಲ್ಲ.

ಅಪ್ಪಗೂ ಇದ ಬೆಳಕ.
ಉದ್ಯಮಬಾಗದಾಗ ಮೂವತ್ತೊಂದು ವರ್ಷ ಭಟ್ಟಿ ಮುಂದ.
ಕಬ್ಬಣ ಹದಕ್ಕ ಬಂದದ್ದ ಬರೇ ಗಲ್ಲದ ಚರ್ಮದಿಂದ ಹೇಳತಿದ್ದ.
ಈಗ ಎಡಗಣ್ಣಾಗ ಪೊರಿ.
ಡಾಕ್ಟರು ಟಾರ್ಚ್ ಹಾಕಿ ನೋಡಿ, ಹೆಸರ ಕೇಳೂಕಿಂತ ಮೊದಲ
"ಭಟ್ಟಿ ಕೆಲಸೇನು?" ಅಂದ್ರು.
ಅದಕ್ಕ ಬಂದವರಿಗೆಲ್ಲಾ ಕಣ್ಣ ಮುಚ್ಚಿ ಕುಂಡ್ರಿ ಅಂತೇನಿ.
ಮೇಡಮ್ ಕೊಟ್ಟ ಹಾಳ್ಯಾಗ ಅದಿಲ್ಲ,
ನಮ್ಮ ಮನ್ಯಾಗ ಐತಿ.

ಒಂದು ಐತವಾರ ಮೇಡಮ್ ಸಾಂಗಲಿಗೆ ಹೋಗಿದ್ರು.
ಅಪ್ಪನ್ನ ಕರಕೊಂಡ ಬಂದೆ, ಮೊಣಕಾಲಿಗಂತ.
ಹದಿನೇಳ ಮೆಟ್ಟಲಾ. ಎರಡಕ್ಕೊಮ್ಮೆ ನಿಂತ.
ಪೆಟಗಿ ಮುಂದ ನಿಂತು ಹಿಂಗೈಲೆ ಗಾಜ ಮುಟ್ಟಿ ಕೇಳಿದ:
"ಒಳಗಿಂದ ತೆಗಿಯಾಕ ಬರತೈತೇನವಾ?"
ಬರತೈತಿ ಅಂದೆ.
ನಂಬಲಿಲ್ಲ. ತಾನ ಒಳಗ ಹೋಗಿ
ಬಾಗಲಾ ಹಾಕಿ ತೆಗದ, ಹಾಕಿ ತೆಗದ, ಮೂರ ಸಲ.
ಆಮ್ಯಾಲ ಕುಂತ. ಅಂಗಿ ಬಿಚ್ಚಲಿಲ್ಲ.

ನಲವತ್ತೈದಕ್ಕ ಇಟ್ಟೆ, ಹನ್ನೆರಡ ಮಿನಿಟ.
"ಇದರಾಗ ಏನ ಕರಗತೈತಿ?" ಒಳಗಿಂದ ಕೂಗಿದ.
ನಾ ಉತ್ತರ ಹುಡುಕೂದ್ರಾಗ ಅಂವಗ ನಿದ್ದಿ.
ಮೂವತ್ತೊಂದು ವರ್ಷ ಕಾವಿನ ಮುಂದ ಒಮ್ಮೆನೂ ತೂಕಡಿಸಲಾರದಾಂವ,
ಬಾಯಿ ತೆರದು, ಗಲ್ಲ ಎದಿಮ್ಯಾಲ ಇಟ್ಟು.
ಮಿಶಿನ್ನಿನ ಗಡಿಯಾರ ನಾ ನಂಬಲಿಲ್ಲ.
ಗಾಜಿಗೆ ಮೂಗ ಹಚ್ಚಿ ಅವನ ಉಸರ ಎಣಸಿದೆ.

ಹೊರಗ ಬಂದು ನೀರ ಕುಡದ, ಉಪ್ಪ ಕೇಳಿದ.
ಭಟ್ಟಿಯಾಗ ಉಪ್ಪಿನ ಗುಳಗಿ ಕೊಡತಿದ್ರಂತ, ಪುಕ್ಕಟೆ.
ಕೌಂಟರಿನ ಮ್ಯಾಲ ಉಪ್ಪ ಇದ್ದಿಲ್ಲ.
ನನ್ನ ಡಬ್ಬಿಯ ಚಟ್ನಿಪುಡಿ ನೆಕ್ಕಿದ.
ಮೆಟ್ಟಲಾ ಇಳಿವಾಗ ಒಮ್ಮೆ ಅಷ್ಟ ನಿಂತ,
ಅದೂ ಗೇಟ ಬಿದ್ದು ರೈಲು ಬಂತಂತ ನೋಡಾಕ.

ಮಂಗಳವಾರ ಮೊಣಕಾಲ ಮತ್ತ ಹಿಡಕೊಂತು.
ಎಣ್ಣಿ ತಿಕ್ಕಿಸಿಕೋತ, ಗ್ವಾಡಿ ಕಡೆ ಮಾರಿ ಮಾಡಿ ಕೇಳಿದ:
"ಬರೂ ಐತವಾರ ನಿಮ್ಮ ಮೇಡಮ್ ಎಲ್ಲಿಗೆ ಹೋಗತಾರ?"